ಗಾಜಿನ ಮೇಲೆ ಬಿದ್ದ ಕಬ್ಬು

ಕಬ್ಬು ಅರೆಯುವ ಸೀಸನ್ ಶುರುವಾಯಿತೆಂದರೆ ಪಾಂಡವಪುರದ ರಸ್ತೆಯಲ್ಲಿ ಕಾರು ಓಡಿಸುವುದು, ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮ್ಮನ್ನು ಸಾಲಾಗಿ ಚಾಪೆಲ್‌ಗೆ ನಡೆಸುತ್ತಿದ್ದ ಹಾಗೆ. ಮುಂದಿನವರು ಹೆಜ್ಜೆ ಎತ್ತಿದರಷ್ಟೇ ನಾವು ಎತ್ತಬೇಕು. ಎಡಕ್ಕೆ, ಫ್ಯಾಕ್ಟರಿಯ ಸರದಿಗೆ ಕಾದು ನಿಂತ ಟ್ರಾಕ್ಟರುಗಳು. ಬಲಕ್ಕೆ, ಎದುರಿನಿಂದ ಬಂದು ಸಿಕ್ಕಿಕೊಂಡ ಬಸ್ಸು. ನಡುವೆ ನನ್ನ ಪುಟ್ಟ ಕಾರು.

ಪಕ್ಕದ ಸೀಟಿನಲ್ಲಿ ನನ್ನ ಓರಗಿತ್ತಿ, ಯಜಮಾನರ ಅಣ್ಣನ ಹೆಂಡತಿ. ಭಾವ ಹೋದ ಮೇಲೆ ಅಕ್ಕ ಗಂಜಾಂನಲ್ಲಿ ನಮ್ಮ ಜೊತೆಗೇ ಇದ್ದಾರೆ. ವಾರಕ್ಕೊಮ್ಮೆ ನಾವಿಬ್ಬರೂ ಕಾರು ತೆಗೆಯುತ್ತಿದ್ದೆವು. ಪಾಂಡವಪುರ; ಮೂಡ್ ಇದ್ದರೆ ಕೆ.ಆರ್. ಪೇಟೆಯವರೆಗೂ. ಎಲ್ಲಿಗೆ ಎಂದು ಮನೆಯಲ್ಲಿ ಕೇಳಿದರೆ "ಸೊಪ್ಪಿಗೆ" ಎನ್ನುತ್ತಿದ್ದೆವು. ಹೊಳೆ ದಂಡೆಯ ಊರಿನಿಂದ ಯಾರಾದರೂ ಅಷ್ಟು ದೂರ ಸೊಪ್ಪು ತರಲು ಹೋಗುತ್ತಾರೆಯೇ? ಆದರೂ ಯಾರೂ ಎರಡನೆಯ ಪ್ರಶ್ನೆ ಕೇಳುತ್ತಿರಲಿಲ್ಲ.

ಹಿಂದಿನ ತಿಂಗಳು ಮಾತ್ರ ಗೇಟಿಗೆ ಬಂಪರ್ ತಾಗಿಸಿದ್ದೆ. ಯಜಮಾನರು ಪೇಪರ್ ಮಡಚಿಟ್ಟು, "ದಿಸ್ ಈಸ್ ದ ಲಾಸ್ಟ್ ವಾರ್ನಿಂಗ್. ಇನ್ನೊಂದು ಸಲ ಏನಾದ್ರೂ ಆದ್ರೆ ಕೀ ನನ್ನ ಹತ್ರ" ಎಂದಿದ್ದರು. ಅವರಿಗೆ ಡ್ರೈವಿಂಗ್ ಬರುವುದಿಲ್ಲ. ಸರ್ವಿಸ್ ಪೂರ್ತಿ ಆಫೀಸ್ ಜೀಪಿನ ಎಡಗಡೆ ಕೂತವರು.

ನಮ್ಮ ಕಡೆ, ನಿಂತ ಗಾಡಿಯಿಂದ ಒಂದು ಜಲ್ಲೆ ಕಬ್ಬು ಹಿರಿದುಕೊಂಡರೆ ಅದನ್ನು ಯಾರೂ ಕಳ್ಳತನ ಎನ್ನುವುದಿಲ್ಲ. ಸ್ಕೂಲ್ ಮಕ್ಕಳು ಹಿರಿಯುತ್ತಾರೆ, ಕಂಡಕ್ಟರ್‌ಗಳು ಹಿರಿಯುತ್ತಾರೆ. ಅಕ್ಕನಂತೂ ಕಿಟಕಿ ಗಾಜು ಇಳಿಸಿಯೇ ಕೂರುವವರು.

"ಅಕ್ಕಾ, ಕೈ ಒಳಗೆ ತಗೊಳ್ಳಿ, ಪ್ಲೀಸ್."

"ಸುಮ್ಕಿರವ್ವ ಕಾನ್ವೆಂಟಮ್ಮ. ನಮ್ಮ ನಾಗಮಂಗ್ಲದಲ್ಲಿ ಕಬ್ಬು ಅಂದ್ರೆ ಸಂಕ್ರಾಂತಿಗೆ ಒಂದು ತುಂಡು. ಇಲ್ನೋಡು, ಬಾಯಿತಾವ್ಕೇ ಬಂದದೆ."

ಬೀಡಿ ಸೇದುತ್ತಿದ್ದ ಟ್ರಾಕ್ಟರ್ ಡ್ರೈವರ್ ನಕ್ಕ. "ಎಳ್ಕೊಳವ್ವ, ಎಳ್ಕೊ! ಮನೆಗೊಂದು ಹೊರೆ ಕಳುಸ್ಲಾ?"

ಅವನ ಜೊತೆಗಾರ ಕೇಳಿದ: "ಲೇ, ಅಜ್ಜಿಗೆ ಹಲ್ಲವೇನ್ಲಾ?"

"ನಿನ್ ಕಿವಿ ಕಚ್ಚೋವಷ್ಟು ಅವೆ, ಬಾರ್ಲಾ ಇತ್ತಗೆ!" ಎಂದು ಅಕ್ಕ ಎರಡೂ ಕೈ ಹಾಕಿ ಎಳೆದರು.

ಅವರು ಹಿಡಿದಿದ್ದ ಜಲ್ಲೆ ಹೊರೆಯ ಹಗ್ಗಕ್ಕೆ ಸಿಕ್ಕಿಕೊಂಡಿತ್ತು. ಮೊದಲು ಬರಲೊಲ್ಲದು. ಆಮೇಲೆ ಒಮ್ಮೆಲೇ ಬಂತು. ಅದರ ಹಿಂದೆ ಹಗ್ಗ ಸಡಿಲಾಗಿ, ಟ್ರೈಲರಿನ ನೆತ್ತಿಯ ಹೊರೆಗಳೆಲ್ಲ ನಮ್ಮ ಮೇಲೆ ಜಾರಿದವು.

ಮುಂದಿನ ಗಾಜು ಉದುರಲಿಲ್ಲ. ಕಣ್ಣೆದುರೇ ಬೆಳ್ಳಗಾಯಿತು. ಜೇಡ ನೇಯ್ದ ಹಾಗೆ, ಮೂಲೆಯಿಂದ ಮೂಲೆಗೆ. ನಟ್ಟನಡುವೆ ಒಂದು ಜಲ್ಲೆಯ ಮೂತಿ ಒಳಗೆ ಬಂದು ನನ್ನ ಗಲ್ಲದ ಹತ್ತಿರ ನಿಂತಿತು. ಇಬ್ಬರಿಗೂ ಏನೂ ಆಗಲಿಲ್ಲ, ಥ್ಯಾಂಕ್ ಗಾಡ್. ಆದರೆ ನನ್ನ ಬಾಗಿಲು ತೆರೆಯೋಣವೆಂದರೆ ಬಸ್ಸಿನ ಮೈ. ಅಕ್ಕನ ಬಾಗಿಲಿಗೆ ಟ್ರೈಲರು. ಹಿಂದೆ ಹಾರನ್ನುಗಳು. ಎಂಜಿನ್ ಆಫ್ ಮಾಡಿದೆ.

"ಯಾರೂ ಎಳೀಬ್ಯಾಡ್ರಲಾ! ಮಿಕ್ಕಿದ್ದೂ ಬಿದ್ದೋಯ್ತದೆ! ಮೇಲಿಂದ ಒಂದೊಂದೇ ತಗೀರಿ!" ಹೊರಗಿನಿಂದ ಕೂಗು ಕೇಳುತ್ತಿತ್ತು. ಮುಖಗಳು ಮಾತ್ರ ಕಾಣುತ್ತಿರಲಿಲ್ಲ. ಹಸಿ ಕಬ್ಬಿನ ವಾಸನೆ ಒಳಗೆ ತುಂಬಿ ಉಸಿರು ಭಾರವಾಯಿತು. ಬ್ಯಾಗಿನೊಳಗೆ ಮೊಬೈಲ್ ಬಡಿದುಕೊಂಡಿತು. ಆ ರಸ್ತೆಯಲ್ಲಿ ನಮ್ಮ ಕಾರಿನ ಗುರುತಿದ್ದವರು ಆಗಲೇ ಮನೆಗೆ ಸುದ್ದಿ ಮುಟ್ಟಿಸಿದ್ದರು.

"ನಾನೆಳ್ದೆ ಅಂತ ಗೊತ್ತಾದ್ರೆ ನನ್ನ ಇನ್ನು ಆಚೆಗೆ ಬುಡಾಕಿಲ್ಲ ಕಣೆ" ಎಂದರು ಅಕ್ಕ, ಮೆಲ್ಲಗೆ.

"ಗೊತ್ತಾಗದಿದ್ದರೆ ನನ್ನ ಕೈಗೆ ಕೀ ಕೊಡೋದಿಲ್ಲ ಅಕ್ಕಾ."

ಕಾರಿಲ್ಲದೆ ಅವರು ಎಲ್ಲಿಗೆ ಹೋದಾರು? ಅವರಿಲ್ಲದೆ ನಾನಾದರೂ ಯಾರನ್ನು ಕೂರಿಸಿಕೊಂಡು ಹೋಗಲಿ? ಜನ ಕಬ್ಬು ತೆಗೆಯುವ ಸದ್ದು ಕೇಳುತ್ತ, ಇಬ್ಬರೂ ಆ ಬಿಳಿ ಗಾಜನ್ನೇ ನೋಡುತ್ತ ಕೂತೆವು.

ಸಂಜೆ ಶ್ರೀರಂಗಪಟ್ಟಣದ ಗಾಜಿನ ಅಂಗಡಿಗೆ ಕಾರನ್ನು ಎಳೆಸಿ ತಂದಾಗ ಯಜಮಾನರು ಅಲ್ಲಿ ಕಾಯುತ್ತಿದ್ದರು. ಅಂಗಡಿಯ ಸಾಬರು ಕಾರನ್ನು ಒಂದು ಸುತ್ತು ಹಾಕಿ ಬಂದರು. "ಅಮ್ಮಾ, ತೆಂಗಿನಕಾಯಿ ಬಿದ್ದು ಒಡೆದಿದ್ದು ನೋಡಿದೀನಿ, ಅದು ನಾಗಮಂಗಲದ್ದು. ಕೆ.ಆರ್. ಪೇಟೆ ರೋಡಲ್ಲಿ ನವಿಲು ಬಂದು ಹೊಡ್ಕೊಂಡಿದ್ದು ನೋಡಿದೀನಿ. ಹೊಳೆ ಹತ್ರ ಹೊಸ ಗಾಡಿ ಪೂಜೆ ಮಾಡ್ತಾ, ಈಡುಗಾಯಿ ಚಿಪ್ಪು ಹಾರಿ ಗಾಜು ಹೋಗಿದ್ದೂ ಉಂಟು. ಕಬ್ಬು ಮಾತ್ರ, ಖುದಾ ಕಸಮ್, ಇದೇ ಫಸ್ಟು!"

ನನಗೆ ನಗು ಬಂತು. ಯಜಮಾನರಿಗೆ ಬರಲಿಲ್ಲ. "ಹೇಗಾಯ್ತು?" ಎಂದರು.

"ಹೊರೆ ಜಾರಿತು" ಎಂದೆ.

ಅಕ್ಕ ಸೆರಗು ಸರಿಮಾಡಿಕೊಂಡರು. "ತಾನಾಗೆ ಜಾರ್ನಿಲ್ಲ ಕಣಪ್ಪ. ನಾನು ಕಬ್ಬು ಎಳ್ದೆ. ಇವಳು ಬ್ಯಾಡ ಅಂದ್ಲು. ಕಾರು ಓಡ್ಸೋದ್ರಲ್ಲಿ ಇವಳದೇನೂ ತಪ್ಪಿಲ್ಲ."

ಎಷ್ಟು ಕಷ್ಟಪಟ್ಟು ಆಡಿದ ಮಾತು ಅದು! ಬದುಕಿದೆ ಎಂದುಕೊಂಡೆ. ಯಜಮಾನರ ಮುಖ ಮೆತ್ತಗಾಯಿತು. "ತಪ್ಪು ಯಾರದು ಅಂತ ನಾನು ಕೇಳ್ತಾನೇ ಇಲ್ಲ ಅತ್ತಿಗೆ. ಆ ಜಲ್ಲೆ ಕಣ್ಣಿಗೆ ಬಂದಿದ್ರೆ? ನಿಮ್ಮಿಬ್ಬರಿಗೂ ಇನ್ನು ಈ ಟೆನ್ಷನ್ ಬೇಡ." ಹಾಗೆಂದು ನನ್ನತ್ತ ಅಂಗೈ ಚಾಚಿದರು. ಅವರು ಬೈದಿದ್ದರೆ ಜಗಳವಾಡುತ್ತಿದ್ದೆ. ಕಾಳಜಿಯ ಜೊತೆ ಜಗಳವಾಡುವಷ್ಟು ಇಂಗ್ಲಿಷೂ ನನಗೆ ಬರುವುದಿಲ್ಲ, ಕನ್ನಡವೂ ಬರುವುದಿಲ್ಲ. ಕೀ ಕೊಟ್ಟೆ.

ಈಗ ವಾರಕ್ಕೊಮ್ಮೆ ಡ್ರೈವರ್ ಬರುತ್ತಾನೆ. ವೆರಿ ಪೊಲೈಟ್. ಮೊದಲ ದಿನ ನಾವಿಬ್ಬರೂ ಹಿಂದೆ ಕೂತೆವು. ಪಾಂಡವಪುರ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಹೇಳಿದ: "ಯಜಮಾನ್ರು ಹೇಳವ್ರೆ ಅಮ್ಮ. ನಿಮಿಷಾಂಬ ದೇವಸ್ಥಾನಕ್ಕೋಗಿ ಸೀದಾ ಮನೆಗೆ."

ಆ ದೇವಸ್ಥಾನದ ಗಂಟೆ ನಮ್ಮ ಅಡುಗೆಮನೆಗೆ ಕೇಳಿಸುತ್ತದೆ.

"ನಡ್ಕಂಡೇ ಓಗ್ಬೋದಲ್ಲ ಮಗ" ಎಂದರು ಅಕ್ಕ.

"ಬಿಸ್ಲು ಅಜ್ಜಿ" ಎಂದು ಅವನು ಬಾಗಿಲು ಲಾಕ್ ಮಾಡಿ ಕಾರು ಹೊರಡಿಸಿದ.