ಕಾಲುವೆ ದಾರಿ ಹಿಡಿದ ಬುತ್ತಿ

ಮೇಲವಂಕಿಗೆ ಸೊಸೆಯಾಗಿ ಬಂದು ಹತ್ತೊಂಬತ್ತು ವರ್ಷವಾದರೂ ರಾಧಿಕಾಗೆ ಗೊತ್ತಿದ್ದ ದಾರಿಗಳು ಮೂರೇ: ಹೊಲಕ್ಕೆ, ಹಿಟ್ಟಿನ ಗಿರಣಿಗೆ, ತವರು ಯಮಕನಮರಡಿಯ ಬಸ್ಸಿಗೆ. ನಾಲ್ಕನೆಯದರ ಆಸೆ ಹಚ್ಚಿದ್ದು ಮೊಬೈಲು.

ಗೋಕಾಕದ ಕಾಲೇಜಿಗೆ ಹೋಗುವ ಮಗಳು ಅರ್ಚನಾ ಅದರಲ್ಲಿ ಜಪಾನಿನವರ ಆಟವೊಂದನ್ನು ಹಾಕಿಕೊಟ್ಟಿದ್ದಳು. ನಾಲ್ವರು ಜೊತೆಗಾರರು ಊರೂರು ತಿರುಗುವ ಕತೆ. ಕಾಲಿಡದ ಜಾಗವೆಲ್ಲ ನಕಾಶೆಯಲ್ಲಿ ಕಪ್ಪು. ನಡೆದಷ್ಟೂ ಬಣ್ಣ ಮೂಡುತ್ತದೆ. ದಣಿದಾಗ ಬೆಂಕಿಯ ಸುತ್ತ ಕೂರುತ್ತಾರೆ. ಅವರವರಿಗೆ ಇಷ್ಟವಾದದ್ದನ್ನು ಬೇಯಿಸಿ ಬಡಿಸಿದರೆ ಮನಸ್ಸಿನ ಮಾತು ಹೇಳುತ್ತಾರೆ. ಬಿಲ್ಲು ಹಿಡಿದ ಹುಡುಗಿಗೆ ಅಣಬೆ ಸಾರು, ಮುದುಕ ವೈದ್ಯನಿಗೆ ಸುಟ್ಟ ಮೀನು. ರಾಧಿಕಾಗೆ ಎಲ್ಲ ಬಾಯಿಪಾಠ. ಒಮ್ಮೆ ಆ ಬಿಲ್ಲಿನ ಹುಡುಗಿ "ದಣಿದೆಯಾ?" ಎಂದು ಕೇಳಿದಾಗ, ರೊಟ್ಟಿ ಬಡಿದ ಕೈ ಒರೆಸಿಕೊಂಡು ಸುಮ್ಮನೆ ನೋಡುತ್ತ ಕೂತಿದ್ದಳು. ಗಂಡನ ಮನೆಯಲ್ಲಿ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ.

ಅಂದು ಮಧ್ಯಾಹ್ನದ ಬುತ್ತಿ ಹೊತ್ತು ಹೊರಟವಳು ಕಾಲುವೆಯ ತಿರುವಿನಲ್ಲಿ ನಿಂತಳು. ದಂಡೆಗುಂಟ ಹೋಗುವ ಈ ದಾರಿ ಎಲ್ಲಿ ಮುಟ್ಟುತ್ತದೆ? ಸ್ವಲ್ಪ ನೋಡಿ ಬರೋಣವೆಂದು ನಡೆದಳು. ಹಾಳು ಬಾವಿ ಸಿಕ್ಕಿತು, ಜಾಲಿಯ ತುಂಬ ಗೀಜಗನ ಗೂಡುಗಳು ಸಿಕ್ಕವು. ತಿರುಗಿ ಬಂದು ಹೊಲ ಮುಟ್ಟಿದಾಗ ಎರಡೂವರೆ.

ಗಂಡ ಶ್ರೀಶೈಲ, ಮಾವ ಇಬ್ಬರೂ ಗಾಡಿ ಹತ್ತಿ ರಸ್ತೆಯ ಹೋಟೆಲಿಗೆ ಹೋಗಿ, ಮಿರ್ಚಿ ಭಜಿ ತಿಂದು ಬಂದು, ಬೇವಿನ ನೆರಳಲ್ಲಿ ಮಲಗಿದ್ದರು. ಹೆಂಗಸರು ಹೋಟೆಲಿಗೆ ಹೋಗುವ ರೂಢಿಯಿಲ್ಲ. ಅತ್ತೆ ಲಕ್ಕವ್ವ ಮಾತ್ರ ಕಬ್ಬಿನಲ್ಲಿ ಕಳೆ ತೆಗೆಯುತ್ತಲೇ ಇದ್ದಳು. ಬೆಳಿಗ್ಗೆ ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿದ್ದಳು. ಹೊಟ್ಟೆಗಿಲ್ಲದೆ ಸಕ್ಕರೆ ಇಳಿದು ಈಗ ಕೈ ನಡುಗುತ್ತಿತ್ತು.

"ಯಾಕವಾ, ಇಷ್ಟ್ಯಾಕ ಹೊತ್ತಾತು?"

"ಗಿರಣ್ಯಾಗ ಕರೆಂಟ್ ಇರಲಿಲ್ರಿ ಅತ್ತಿ."

ಎರಡು ತುತ್ತು ನುಂಗಿದ ಮೇಲೆ ಲಕ್ಕವ್ವ ಸೊಸೆಯ ಸೀರೆಯಂಚು ಹಿಡಿದಳು. ಉದ್ದಕ್ಕೂ ಉತ್ತರಾಣಿ ಮುಳ್ಳು ಅಂಟಿದ್ದವು. ಒಂದೊಂದೇ ಕೀಳತೊಡಗಿದಳು.

"ಗಿರಣ್ಯಾಗ ಉತ್ತರಾಣಿ ಬೆಳಿತೈತೇನ?"

ರಾಧಿಕಾ ಪಲ್ಯ ಬಡಿಸಿದಳು. ಗಂಡಸರ ಹಸಿವಿಗೆ ಹೋಟೆಲಿತ್ತು. ತಾನು ತಡಮಾಡಿದ್ದೆಲ್ಲ ಬಿದ್ದದ್ದು ಈ ಒಬ್ಬಳ ಹೊಟ್ಟೆಯ ಮೇಲೆ. ಮುದುಕ ವೈದ್ಯನಿಗೆ ಮೀನು ಸುಟ್ಟುಕೊಟ್ಟವಳಿಗೆ, ಅತ್ತೆಗೆ ಯಾವ ಪಲ್ಯ ಸೇರುತ್ತದೆಂದೇ ತಿಳಿದಿರಲಿಲ್ಲ.

"ಸುಳ್ಳ ಹೇಳಿದ್ನಿರಿ. ಕಾಲಿವಿ ದಾರಿ ಹಿಡದಿದ್ನಿ."

ಲಕ್ಕವ್ವ ಮಲಗಿದ್ದ ಗಂಡಸರತ್ತ ನೋಡಿ ದನಿ ತಗ್ಗಿಸಿದಳು. "ಆ ಕಡೆ ಏನೈತವಾ? ನಾ ಬಂದ ನಲವತ್ತೈದ ವರ್ಷಾತು, ನೋಡೇ ಇಲ್ಲ."

ಬೈದಿದ್ದರೆ ಇದಕ್ಕಿಂತ ಹಗುರವಾಗುತ್ತಿತ್ತು.

"ಮೊದಲ ಉಣ್ರಿ. ಆಮ್ಯಾಲ ಹೇಳ್ತೇನಿ," ಎಂದು ರಾಧಿಕಾ ಇನ್ನೊಂದು ರೊಟ್ಟಿ ಇಟ್ಟಳು. ಅತ್ತೆಯ ಕೈಯ ನಡುಕ ನಿಲ್ಲುವವರೆಗೂ ಅವಳ ಮುಖ ನೋಡಲು ರಾಧಿಕಾಳಿಂದಾಗಲಿಲ್ಲ.