ಬೂಟು ಬಚ್ಚಿಟ್ಟ ಅಕೆನೆತಾ

ಸೂರ್ಯ ಇನ್ನೂ ಮರಳು ದಿಬ್ಬಗಳ ಹಿಂದೆಯೇ ಇದ್ದಾನೆ. ಫಿಜಿಯ ವುನಿದಾವಾ ಊರಿನ ಮೈದಾನದಂಚಿನಲ್ಲಿ ಚಾಪೆ ಹಾಸಿಕೊಂಡು ಕೂತ ಅಕೆನೆತಾ, ರಗ್ಬಿ ಆಟಗಾರರ ಕಾಲಿಗೆ ಪಟ್ಟಿ ಸುತ್ತುತ್ತಿದ್ದಾರೆ. ಕೈ ಪಟ್ಟಿಯ ಮೇಲೆ, ಕಣ್ಣು ಮಾತ್ರ ಎದುರಿಗಿರುವವನ ಮುಖದ ಮೇಲೆ. ನಿದ್ದೆ ಬಂತಾ, ತಿಂದದ್ದು ದಕ್ಕಿತಾ ಎಂದು ಒಬ್ಬೊಬ್ಬರನ್ನೂ ವಿಚಾರಿಸುತ್ತಾರೆ. ಮುಂಜಾನೆಯ ಮಬ್ಬು ಬೆಳಕಿಗೂ ಕಣ್ಣು ಕಿರಿದು ಮಾಡಿದವನ ಪಟ್ಟಿಯನ್ನು ಅರ್ಧಕ್ಕೇ ಬಿಚ್ಚುತ್ತಾರೆ.

"ನಂಗೇನೂ ಆಗಿಲ್ಲ," ಎಂದು ಅವನು ಗೊಣಗುತ್ತಾನೆ.

"ಒಳ್ಳೇದೇ ಆಯ್ತು. ಅದನ್ನೇ ನರ್ಸಮ್ಮನ ಬಾಯಲ್ಲಿ ಹೇಳಿಸ್ಕೊಂಡು ಬಾ, ಆಮೇಲೆ ಓಡು."

ವಾರವೆಲ್ಲ ಕಡಲತೀರದ ಹೋಟೆಲೊಂದರಲ್ಲಿ ಹಾಸಿಗೆ ಬಟ್ಟೆ ಒಗೆಯುವ ಅಕೆನೆತಾ, ಶನಿವಾರ ತಂಡಕ್ಕೆ ನೀರು ಕೊಡುವವರು, ಗಾಯ ತೊಳೆಯುವವರು. ಪಂದ್ಯದ ಫೋಟೊಗಳಲ್ಲಿ ಅವರು ಇರುವುದಿಲ್ಲ. ಪಟ್ಟಣದ ಪ್ರಥಮ ಚಿಕಿತ್ಸೆ ತರಬೇತಿ ಶಿಬಿರಕ್ಕೆ ಅವರು ಹಟ ಹಿಡಿದು ಹೋದದ್ದು ಗಂಡ ಇಲೈಸಾನಿಂದಾಗಿ.

ಇಲೈಸಾ ಒಂದು ಕಾಲಕ್ಕೆ ಇದೇ ತಂಡದ ಮುಂಚೂಣಿಯ ಆಟಗಾರನಾಗಿದ್ದ. ಎಷ್ಟು ಸಲ ಬಿದ್ದರೂ ಎದ್ದು ಬರುತ್ತಾನೆಂದು ಊರು ಚಪ್ಪಾಳೆ ತಟ್ಟುತ್ತಿತ್ತು. ಈಗ ಅವನ ನೆನಪು ಕೆಟ್ಟಿದೆ. ಒಂದೇ ದೊಡ್ಡ ಏಟಿನಿಂದ ಹೀಗಾಗಿರಲಿಕ್ಕಿಲ್ಲ ಎನ್ನುತ್ತಾರೆ ವೈದ್ಯರು. ಪ್ರತಿ ಡಿಕ್ಕಿಗೂ ಬುರುಡೆಯೊಳಗೆ ಮಿದುಳು ಅಲುಗುತ್ತದೆ, ಪ್ರಜ್ಞೆ ತಪ್ಪಲೇಬೇಕೆಂದಿಲ್ಲ. ಒಂದು ಪೆಟ್ಟು ಮಾಯುವ ಮುನ್ನ ಇನ್ನೊಂದು, ಹೀಗೆಯೇ ವರ್ಷಗಟ್ಟಲೆ. ಅರವತ್ತು ತುಂಬದ ಇಲೈಸಾ ಈಗ ತೋಟದಿಂದ ಮನೆಗೆ ಬರುವ ದಾರಿ ಮರೆಯುತ್ತಾನೆ. ಇದ್ದಕ್ಕಿದ್ದಂತೆ ರೇಗುತ್ತಾನೆ, ಮರುಗಳಿಗೆ ಯಾಕೆ ರೇಗಿದೆನೆಂದು ತಿಳಿಯದೆ ಕಂಗಾಲಾಗುತ್ತಾನೆ.

ಹೋದ ವರ್ಷದ ಸೆಮಿಫೈನಲ್‌ನಲ್ಲಿ ಅಕೆನೆತಾರ ಅಣ್ಣನ ಮಗ ಸೆಕೋವೆ ಎದುರಾಳಿಯನ್ನು ಕೆಡವಲು ನುಗ್ಗಿದಾಗ ಆ ಎದುರಾಳಿಯ ಮೊಣಕಾಲು ಸೆಕೋವೆಯ ತಲೆಗೆ ಬಡಿಯಿತು. ಎದ್ದವನೇ ಹೋಗಿ ಎದುರಾಳಿಗಳ ಸಾಲಿನಲ್ಲಿ ನಿಂತ. ಜನ ನಕ್ಕರು. ಅಕೆನೆತಾ ನಗಲಿಲ್ಲ, ನೇರ ಒಳಗೆ ಹೋಗಿ ಕೈಹಿಡಿದು ಕರೆತಂದರು. ಸ್ವಲ್ಪ ಹೊತ್ತು ಕೂರಿಸಿ ಕಳಿಸು ಎಂದ ಕೋಚ್. ವಿದೇಶಿ ಕ್ಲಬ್ಬಿನವರು ಸೆಕೋವೆಯನ್ನೇ ನೋಡಲು ಬಂದು ಕೂತಿದ್ದರು. ಅವನ ಅಪ್ಪ ವೈಸಾಕೆ ಬೇಲಿಯಾಚೆಯಿಂದ ಬೈಯತೊಡಗಿದ.

ಅಕೆನೆತಾ ಸೆಕೋವೆಯ ಬೂಟು ಬಿಚ್ಚಿ, ನೀರಿನ ಬಾಟಲಿಗಳ ದೊಡ್ಡ ಡಬ್ಬದೊಳಗೆ ಹಾಕಿ, ಮುಚ್ಚಳದ ಮೇಲೆ ಕೂತುಬಿಟ್ಟರು.

"ಅತ್ತೆ, ಬೂಟು ಕೊಡು. ನನ್ನ ಜೀವನದ ಪ್ರಶ್ನೆ."

"ನಂದೂ ಅದೇ ಪ್ರಶ್ನೆ, ಮಗಾ. ಸುಮ್ನೆ ಕೂತ್ಕೋ."

ತಂಡ ಸೋತಿತು. ಭಾನುವಾರ ಚರ್ಚಿನಲ್ಲಿ ಅಕೆನೆತಾರ ಪಕ್ಕದ ಜಾಗ ಖಾಲಿ ಉಳಿಯಿತು. ಅಣ್ಣ ಮಾತು ಬಿಟ್ಟ. ಅವನ ಮನೆಯಲ್ಲಿ ಸೆಕೋವೆ ವಾಂತಿ ಮಾಡುತ್ತಾ, ಬೆಳಕು ತಡೆಯಲಾರದೆ ಕಿಟಕಿಗೆ ಬಟ್ಟೆ ಕಟ್ಟಿಸಿಕೊಂಡು ಮಲಗಿದ್ದ. ಅವತ್ತೇ ಇನ್ನೊಂದು ಏಟು ಬಿದ್ದಿದ್ದರೆ ಹುಡುಗ ಉಳಿಯುವುದೇ ಅನುಮಾನವಿತ್ತು ಎಂದು ಆಸ್ಪತ್ರೆಯಲ್ಲಿ ಹೇಳಿದರು.

ಆಮೇಲೊಂದು ದಿನ ವೈಸಾಕೆ, ಕ್ಷಮೆ ಕೇಳಲು ಬರುವವರ ವಾಡಿಕೆಯಂತೆ, ಕಾವಾ ಬೇರಿನ ಕಟ್ಟು ಹಿಡಿದು ತಂಗಿಯ ಬಾಗಿಲಿಗೆ ಬಂದ. ಅಕೆನೆತಾ ಕಟ್ಟನ್ನು ಮುಟ್ಟಿ ಸ್ವೀಕರಿಸಿದರು. "ನಂಗೆ ಬೇರೇನೂ ಬೇಡಣ್ಣ. ಒಳಗೆ ಹೋಗಿ ಅವರ ಜೊತೆ ಕೂತು ಬಾ," ಎಂದರು.

ಇಲೈಸಾನ ಹೆಗಲಿಗೆ ಹೆಗಲು ಕೊಟ್ಟು ಆಡಿದವನು ವೈಸಾಕೆ. ಆದರೂ ಅವನು ಆ ಕೋಣೆಗೆ ಕಾಲಿಟ್ಟು ವರ್ಷಗಳೇ ಆಗಿದ್ದವು. ಪಂದ್ಯ ಎಷ್ಟೊತ್ತಿಗೆ ಎಂದು ಇಲೈಸಾ ಕೇಳಿದ. ಇವತ್ತಿಲ್ಲ ಎಂದ ವೈಸಾಕೆ. ಇಲೈಸಾ ಮತ್ತೆ ಅದನ್ನೇ ಕೇಳಿದ, ಮತ್ತೆ ಮತ್ತೆ ಕೇಳಿದ. ಸಂಜೆ ಹೊರಗೆ ಬಂದ ವೈಸಾಕೆ ಮೆಟ್ಟಿಲ ಮೇಲೆ ಕೂತು ಅತ್ತ. ತಂಡದ ಮುಂದಿನ ಸಭೆಯಲ್ಲಿ ಎದ್ದು ನಿಂತು, ಅಕೆನೆತಾ ಹೊರಗೆ ಕರೆದವನು ಅವತ್ತು ಮತ್ತೆ ಆಡಕೂಡದೆಂದು ನಿಯಮ ಮಾಡಿಸಿದವನೂ ಅವನೇ.

ವಿದೇಶಿ ಕ್ಲಬ್ಬಿನವರು ಮತ್ತೆ ಬರಲಿಲ್ಲ. ವೈದ್ಯರು ಒಪ್ಪುವವರೆಗೂ ಕಾದ ಸೆಕೋವೆ, ಈಗ ಊರಿನ ತಂಡಕ್ಕೇ ಆಡುತ್ತಾನೆ. ಅತ್ತೆಯ ಹತ್ತಿರ ಪಟ್ಟಿ ಕಟ್ಟಿಸಿಕೊಳ್ಳುತ್ತಾನೆ, ಮಾತು ಮಾತ್ರ ಅಷ್ಟಕ್ಕಷ್ಟೆ. ಅದರಿಂದ ನಿಮಗೆ ನೋವಾಗುವುದಿಲ್ಲವೇ ಎಂದು ಯಾರಾದರೂ ಕೇಳಿದರೆ ಅಕೆನೆತಾ ಹಲ್ಲಿನಿಂದ ಪಟ್ಟಿ ಹರಿದು, ಮೈದಾನದಲ್ಲಿ ಓಡುತ್ತಿರುವವನನ್ನೇ ನೋಡುತ್ತಾರೆ.

"ಇನ್ನೂ ಸಿಟ್ಟಿದೆ ಅವನಿಗೆ. ಇರ್ಲಿ. ಯಾಕೆ ಸಿಟ್ಟು ಅಂತ ಅವನಿಗೆ ನೆನಪಿದೆಯಲ್ಲ, ನಂಗಷ್ಟು ಸಾಕು."