ರಂಭಾಬಾಯಿಯ ಒಂಟಿಗಣ್ಣಿನ ದುರ್ಬೀನು

ರಂಭಾಬಾಯಿಯನ್ನು ನಾನು ಬಹಳ ದಿನ ದೊಡ್ಡ ಶಿವಭಕ್ತೆ ಎಂದೇ ತಿಳಿದಿದ್ದೆ. ನಿಲಂಗಾದ ಆಚೆ ತೇರಣಾ ನದಿ ಹೊರಳಿ ಅಗಲವಾಗುವಲ್ಲಿ ಒಂದು ಹಳೆಯ ಕಲ್ಲುಮೆಟ್ಟಿಲಿನ ಘಾಟು ಇದೆ, ಜನ ಕಡಿಮೆ. ಅಲ್ಲಿ ತಲೆತುಂಬ ಸೆರಗು ಹೊದ್ದು, ಎಡ ಅಂಗೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಅಲುಗದೆ ಕುಳಿತ ಹೆಂಗಸನ್ನು ಬೆನ್ನ ಕಡೆಯಿಂದ ಕಂಡರೆ, ನಮ್ಮ ಕಡೆ ಯಾರಾದರೂ ಇಷ್ಟಲಿಂಗ ಪೂಜೆ ಎಂದೇ ಅಂದುಕೊಳ್ಳುತ್ತಾರೆ. ನಾನಂತೂ ಚಪ್ಪಲಿ ಕೈಯಲ್ಲಿ ಹಿಡಿದು, ಸುಡುವ ಕಲ್ಲಿನ ಮೇಲೆ ಕುಣಿಯುತ್ತ, ಕೆಮ್ಮು ನುಂಗಿಕೊಂಡು ದಾಟುತ್ತಿದ್ದೆ.

ಒಂದು ದಿನ ಎದುರಿನಿಂದ ಬಂದಾಗ ಕಂಡೆ: ಅಂಗೈಯಲ್ಲಿದ್ದದ್ದು ದುರ್ಬೀನು. ಅದೂ ಅರ್ಧ, ಒಂದೇ ಕಣ್ಣಿನದು. ನಿಜಾಮನ ಮೇಲಿನ ಪೊಲೀಸ್ ಆ್ಯಕ್ಷನ್ ಮುಗಿದ ಮೇಲೆ ಉದಗೀರದ ಸಂತೆಗೆ ಬಂದ ಫೌಜಿನ ಹಳೆ ಸಾಮಾನಿನಲ್ಲಿ ಕೊಂಡದ್ದಂತೆ. ಜೋಳದ ತೆನೆಗೆ ಬೀಳುವ ಗಿಳಿಗಳನ್ನು ದೂರದಿಂದಲೇ ಕಂಡು ಕವಣೆ ಬೀಸುವ ಉದ್ದೇಶ. ಹುಟ್ಟಿದಾಗಿನಿಂದ ಹಕ್ಕಿ ಓಡಿಸಿದವಳು, ಓಡಿಹೋಗದ ಹಕ್ಕಿಯನ್ನು ಆ ಗಾಜಿನಲ್ಲೇ ಮೊದಲು ಕಂಡಳು. ಕವಣೆ ಗೂಟಕ್ಕೆ ಏರಿತು.

ಊರಲ್ಲಿ ಹೇಳಿದೆ. ನನ್ನನ್ನೇ ನಾಸ್ತಿಕ ಅಂದರು.

ಆ ಬೇಸಿಗೆ ಘಾಟಿನ ಪಕ್ಕದ ಬೆಣಚುಕಲ್ಲಿನ ಬಯಲಲ್ಲಿ ಒಂದು ಜೋಡಿ ಟಿಟವಿ, ಅಂದರೆ ಟಿಟ್ಟಿಭ ಹಕ್ಕಿ, ತತ್ತಿ ಇಟ್ಟಿತ್ತು. ಟಿಟವಿ ಗೂಡು ಕಟ್ಟುವುದಿಲ್ಲ. ಕಲ್ಲುಗಳ ನಡುವೆ ಕಲ್ಲಿನ ಬಣ್ಣದ್ದೇ ತತ್ತಿ ಇಟ್ಟು, ಹತ್ತಿರ ಬಂದವರನ್ನು ಬೈಯುತ್ತ ಹಾರುತ್ತದೆ. ಹಿಂದಿನ ವರ್ಷ ಎತ್ತು ತೊಳೆಯಲು ಬಂದವರು ತತ್ತಿ ತುಳಿದಿದ್ದರು. ಈ ಸಲ ಮರಿ ಏಳುವ ತನಕ ಜಾಗ ಬಿಡುವುದಿಲ್ಲವೆಂದು ರಂಭಾಬಾಯಿಯ ಹಟ. ಕುಳಿತಷ್ಟೂ ಆಕೆಯ ಮಹಿಮೆ ಬೆಳೆಯಿತು. ಮೊದಲು ಊದುಬತ್ತಿ ಬಂತು, ಆಮೇಲೆ ತೆಂಗಿನಕಾಯಿ, ಕೊನೆಗೆ ಅಡತಿ ವ್ಯಾಪಾರಿ ಕಲ್ಯಾಣಪ್ಪ. ನಾಲ್ಕು ಜನ ಕಂಡಲ್ಲಿ ಕಮಿಟಿ ಮಾಡದಿದ್ದರೆ ಇವನಿಗೆ ಊಟ ಸೇರದು. ತನ್ನ ಮದುವೆಯಲ್ಲೂ ಅಧ್ಯಕ್ಷನಂತೆಯೇ ಕೂತಿದ್ದನಂತೆ.

ಒಂದು ಮುಂಜಾನೆ ಹಲಗೆ ಬಾರಿಸುತ್ತ, ಗುದ್ದಲಿಗೆ ಕುಂಕುಮ ಹಚ್ಚಿಕೊಂಡು ಕಮಿಟಿ ಬಯಲಿಗೆ ಇಳಿಯಿತು. ಟಿಟವಿಗಳು ಕಿರುಚುತ್ತ ಕಲ್ಯಾಣಪ್ಪನ ರುಮಾಲಿಗೇ ಎರಗಿದವು.

"ಏ ಕಲ್ಯಾಣ್ಯಾ! ಕಾಲ ಅಲ್ಲೇ ಇಡು!" ರಂಭಾಬಾಯಿ ಎದ್ದಳು.

"ಅವ್ವಾರ, ನಿಮಗಂತನೇ ಕಟ್ಟಿ ಕಟ್ಟಲತ್ತೇವ್ರಿ. ಇವತ್ತ ಭೂಮಿಪೂಜಾ. ಕಲ್ಲಿನ ಮ್ಯಾಲ ನನ್ನ ಹೆಸರು ಬಿಲ್ಕುಲ್ ಸಣ್ಣಗ ಬರ್ತದ."

"ಜೀವಂತ ಕುಂತಾಕಿಗಿ ಗದ್ದಿಗಿ ಕಟ್ಟಲಾಕ ಬಂದೀರೇನೋ? ಹೆಣ್ಮಗಳು ಸುಮ್ನ ಕುಂತ್ರ ನಿಮಗ ಸಹನ ಆಗಲ್ಲ. ಹುಚ್ಚಿ ಅಂತೀರಿ, ಇಲ್ಲಾಂದ್ರ ದೇವಿ ಅಂತೀರಿ. ನಿನ್ನ ಕಾಲಬುಡಕ ನೋಡು!"

ಚೋಟು ದೂರದಲ್ಲಿ ನಾಲ್ಕು ತತ್ತಿ. ಎಲ್ಲರೂ ನೋಡುತ್ತಿರುವಾಗಲೇ ಆಕೆ ಗುದ್ದಲಿ ಕಸಿದು ಮಡುವಿಗೆ ಎಸೆದಳು.

"ಅಹೋ, ಅದು ಕಮಿಟಿದು ಅದರೀ!"

"ಕಮಿಟಿಗಿ ಈಸ ಬರ್ತದಿಲ್ಲೋ? ಇಳೀಲಿ ನೀರಿಗಿ."

ಹಲಗೆ ನಿಂತಿತು. ಜನ ಧೋತರ ಎತ್ತಿ, ಹೆಜ್ಜೆ ನೋಡಿ ಇಡುತ್ತ, ಒಬ್ಬೊಬ್ಬರೇ ಹಿಂದೆ ಸರಿದು ದಂಡೆ ಹತ್ತಿದರು. ರಂಭಾಬಾಯಿ ಮತ್ತೆ ಕುಳಿತು ದುರ್ಬೀನು ಹಿಡಿದ ಎಡ ಅಂಗೈ ಎತ್ತಿದಳು. ಕಲ್ಯಾಣಪ್ಪ ಮಾತ್ರ ಹೋಗಲೊಲ್ಲ. ಅಧ್ಯಕ್ಷ ಬರಿಗೈಯಲ್ಲಿ ಹೋಗುವುದು ಹೇಗೆ? ಕೆಮ್ಮಿ ಕೇಳಿದ:

"ಅಂದ್ರ ಅವ್ವಾರ, ಇಷ್ಟ ದಿವಸ ಅದರಾಗ ನಿಮಗ ಶಿವನ ದರ್ಶನ ಆಗೇ ಇಲ್ರೀ? ಮತ್ತೇನ್ ಕಾಣಲತ್ತಿತ್ತು?"

ಆಕೆ ದುರ್ಬೀನು ಇಳಿಸಲಿಲ್ಲ.

"ಟಿಟವಿ ಕಾಣಲತ್ತಿತ್ತು. ಈಗ ಬರೇ ನಿನ್ನ ಧೋತರ ಕಾಣಲತ್ತದ. ಅತ್ತ ಸರಿ."